ಮೋಷನ್ ಮಾತ್ರೆ

ಚೆಲುವರಾಜು ಅವರ ಹೊಟ್ಟೆ ಕಟ್ಟಿಕೊಂಡು ಐದು ದಿನವಾಗಿತ್ತು. ಅವರ ನರಳಾಟಕ್ಕೆ ಕೊಲ್ಲಿಯ ಆಚೆ ದಡದ ನಾಯಿಗಳೂ ಎದ್ದು ಕೂತವು. ಅದು ಸ್ವಲ್ಪ ದೊಡ್ಡ ಮಾತಾಯಿತು ಎನ್ನುವವರು ಅಮೇರಿಕದ ಫ್ರೀಮಾಂಟಿನ ಆ ಅಪಾರ್ಟ್‌ಮೆಂಟಿನ ನೆರೆಯವರನ್ನು ಕೇಳಲಿ. ಅವರು ಗೋಡೆ ಬಡಿದದ್ದಂತೂ ನಿಜ.

ಮಂಡ್ಯದಲ್ಲಿದ್ದಾಗ ಒಂದೇ ಊಟಕ್ಕೆ ಗುಂಡುಕಲ್ಲಿನಂಥ ನಾಲ್ಕು ಮುದ್ದೆ ನುಂಗುತ್ತಿದ್ದ ಭೀಮ ಅವರು. ಇಲ್ಲಿ ಹನ್ನೆರಡು ವರ್ಷದಿಂದ ಬಿಳಿ ಬ್ರೆಡ್ಡು, ಬಿಳಿ ಅನ್ನ. ಕೆಲಸ ಸಾಂಟಾ ಕ್ಲಾರಾದ ಒಂದು ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ. ಧೂಳು ಬೀಳದಂತೆ ಅಡಿಯಿಂದ ಮುಡಿಯವರೆಗೆ ಬಿಳಿ ಗೌನು ತೊಟ್ಟು ಒಳಹೊಕ್ಕರೆ, ಕಕ್ಕಸಿಗೆ ಹೋಗಲೂ ಅದನ್ನೆಲ್ಲ ಬಿಚ್ಚಬೇಕು. ಆ ರಗಳೆಯೇ ಬೇಡವೆಂದು ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

"ಮೈ ಕೆಂಡ ಆಗೈತೆ ಕಣ್ರೀ. ಆಸ್ಪತ್ರೆಗೆ ಹೋಗುಮ," ಎಂದರು ಹೆಂಡತಿ ವೆಂಕಟಮ್ಮ, ಐದನೆಯ ದಿನಕ್ಕೆ ಐವತ್ತನೆಯ ಸಲ.

"ಬರೀ ಗ್ಯಾಸು ಕಣಮ್ಮಿ. ಕ್ಲಿನಿಕ್ಕಿಗೆ ಫೋನು ಮಾಡಿ ಕೇಳಿಲ್ವಾ? ಮಾತ್ರೆ ಹೇಳವ್ರೆ, ನುಂಗ್ತಾ ಇವ್ನಿ."

ವೆಂಕಟಮ್ಮ ಸೀದಾ ಕೆಳಗಿನ ಮನೆಗೆ ಹೋಗಿ ಪದ್ಮಜಾಳನ್ನು ಕರೆತಂದರು. ಮೈಸೂರಿನ ಈ ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ಮಾತ್ರೆಯ ಡಬ್ಬಿ ನೋಡಿದವಳೇ ಹುಬ್ಬು ಗಂಟಿಕ್ಕಿದಳು.

"ಅಣ್ಣ, ಫೋನಲ್ಲಿ ಏನಂತ ಹೇಳಿದ್ರಿ?"

"ಮೋಷನ್ ಪ್ರಾಬ್ಲಮ್ ಅಂದೆ. ಹೆಂಗಸಿನ ಹತ್ರ ಬಿಡಿಸಿ ಹೇಳಕಾಯ್ತದಾ?"

ಪದ್ಮಜಾಗೆ ನಗು ಬರಬೇಕಿತ್ತು, ಬರಲಿಲ್ಲ. "ಮೋಷನ್ ಅಂದ್ರೆ ನಮಗೆ ಕಕ್ಕಸಿಗೆ ಹೋಗೋದು. ಇಲ್ಲಿಯವರಿಗೆ ಅಲ್ಲಾಡೋದು! ಇದು ಕಾರಲ್ಲಿ ವಾಂತಿ ಬರೋರಿಗೆ ಕೊಡೋ ಮಾತ್ರೆ. ಇದ್ರಿಂದ ಹೊಟ್ಟೆ ಇನ್ನೂ ಕಟ್ಟುತ್ತೆ."

"ಹಂಗಾರೆ ಒಂದು ಲೋಟ ಹರಳೆಣ್ಣೆ ಕುಡಿದ್ಬುಡ್ತೀನಿ ಬುಡಮ್ಮ."

"ಬೇಡ! ಎಲ್ಲಿ ನೋವು, ತೋರಿಸಿ."

ಎಡಗಡೆ, ಕಿಬ್ಬೊಟ್ಟೆ. ಅವಳು ಮೆಲ್ಲಗೆ ಒತ್ತಿ ಕೈ ತೆಗೆದಳು. ಕೈ ತೆಗೆದಾಗಲೇ ಅವರು ಚೀರಿದ್ದು.

"ಗ್ಯಾಸಿಗೆ ಜ್ವರ ಬರುತ್ತಾ ಅಣ್ಣ?"

"ಅಮೇರಿಕದ ಗ್ಯಾಸಲ್ವಾ, ಬಂದ್ರೂ ಬಂದಾತು."

"ತಮಾಷೆ ಸಾಕು. ಹಳೇ ಸೈಕಲ್ ಟ್ಯೂಬು ಅಲ್ಲಲ್ಲಿ ಉಬ್ಬುತ್ತಲ್ಲ, ಹಾಗೆ ದೊಡ್ಡ ಕರುಳಿನ ಗೋಡೆ ಉಬ್ಬಿ ಚೀಲ ಚೀಲ ಆಗುತ್ತೆ. ಡೈವರ್ಟಿಕ್ಯುಲರ್ ಕಾಯಿಲೆ ಅಂತಾರೆ. ತುಂಬಾ ಜನಕ್ಕೆ ಅದು ಇರೋದೇ ಗೊತ್ತಾಗಲ್ಲ. ಆದ್ರೆ ಕೀವು ತುಂಬಿ ಒಡೆದರೆ ಪ್ರಾಣಕ್ಕೇ ಬರುತ್ತೆ. ಅದೇನಾ ಅಂತ ಡಾಕ್ಟ್ರು ಈಗ್ಲೇ ನೋಡ್ಬೇಕು."

ವೆಂಕಟಮ್ಮ ಗಂಡನ ಬೂಟು ತಂದು ಮುಂದಿಟ್ಟರು. "ಏಳ್ತೀರೋ, ಎತ್ಕೊಂಡು ಹೋಗ್ಲೋ?"

ಇಲ್ಲಿಯವರೆಗಿನ ಮಾತಿಗೆ ಒಗ್ಗರಣೆ ಬಿದ್ದಿದೆ. ಮುಂದಿನದಕ್ಕೆ ಒಂದು ಸಾಸಿವೆ ಕಾಳೂ ಬಿದ್ದಿಲ್ಲ.

ಕರುಳು ಒಡೆದಿತ್ತು. ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ವೆಂಕಟಮ್ಮ ಕನ್ನಡದಲ್ಲಿ ರುಜು ಹಾಕಿದರು. ಕೊನೆಯ ಅಕ್ಷರ ಗೆರೆಯಿಂದ ಜಾರಿತು. ವೈದ್ಯರು ಕರುಳಿನ ಒಂದು ತುಂಡು ಕತ್ತರಿಸಿ ತೆಗೆದರು. ಮಲ ಹೋಗಲು ಹೊಟ್ಟೆಯ ಪಕ್ಕದಲ್ಲಿ ತೂತು ಮಾಡಿ, ಹೊರಗೆ ಒಂದು ಚೀಲ ಅಂಟಿಸಿದರು. ಮೂರು ವಾರದ ಮೇಲೆ ಮನೆಗೆ ಬಂದ ಚೆಲುವರಾಜು ಅರ್ಧವಾಗಿದ್ದರು. ಕಿಟಕಿಯ ಪಕ್ಕ ಕೂತರೆ ಕೂತೇ ಇರುತ್ತಿದ್ದರು.

"ಇನ್ನೆಲ್ಲಾ ಸರಿಹೋಯ್ತಲ್ಲ, ಪದ್ಮಮ್ಮ?" ಎಂದು ಒಂದು ದಿನ ಕೇಳಿದರು.

ಪದ್ಮಜಾ ಸುಳ್ಳು ಹೇಳಲಿಲ್ಲ. "ಈ ಸಲ ಉಳಿದ್ರಿ ಅಣ್ಣ. ಇಷ್ಟು ಜೋರಾಗಿ ಬಂದು ಹೋದವರಿಗೆ ಮುಂದಿನ ವರ್ಷಗಳಲ್ಲೂ ಅಪಾಯ ಬೇರೆಯವರಿಗಿಂತ ಹೆಚ್ಚು. ತಪಾಸಣೆ ಒಂದೂ ತಪ್ಪಿಸಬೇಡಿ. ಡಾಕ್ಟ್ರು ಹ್ಞೂಂ ಅಂದ ಮೇಲೆ ಸೊಪ್ಪು, ಕಾಳು, ಹಣ್ಣು ನಿಧಾನಕ್ಕೆ ಜಾಸ್ತಿ ಮಾಡಿ. ನೀರು ಕುಡೀರಿ."

"ಎಷ್ಟು ವರ್ಷ ಇರ್ತೀನಿ?"

"ಅದನ್ನ ಯಾರೂ ಹೇಳಕ್ಕಾಗಲ್ಲ."

ಚೆಲುವರಾಜು ಹೆಂಡತಿಯ ಕಡೆ ತಿರುಗಿ, "ವೆಂಕಟಾ, ಆ ತಪಾಸಣೆ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು. ನಾನು ಬರಕಿಲ್ಲ ಅಂದ್ರೂ ಎಳ್ಕೊಂಡು ಹೋಗು," ಎಂದರು. ವೆಂಕಟಮ್ಮ ಗುರುತು ಹಾಕಿ, ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು.

ಅಣ್ಣಂದಿರೇ, ಅಕ್ಕಂದಿರೇ, ಹೊಟ್ಟೆಯಲ್ಲಿ ಬಿಡದ ನೋವು, ಜೊತೆಗೆ ಜ್ವರ, ಇಲ್ಲವೇ ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಅರೆಯುತ್ತ ಕೂರಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಮಾತು ಬಾರದಿದ್ದರೆ ನೋವಿರುವ ಜಾಗಕ್ಕೆ ಬೆರಳಿಟ್ಟು ತೋರಿಸಿ. ವೈದ್ಯರ ಮುಂದೆ ನಾಚಿಕೆಯಿಲ್ಲ. ಈ ಹೊತ್ತು ನಿಮ್ಮ ಮನೆಯಲ್ಲೂ ಯಾರಾದರೂ ಹೊಟ್ಟೆ ಹಿಡಿದುಕೊಂಡು "ಏನಿಲ್ಲ, ಬರೀ ಗ್ಯಾಸು" ಎನ್ನುತ್ತಿದ್ದರೆ, ಈ ಕಾಗದ ಕೆಳಗಿಡಿ. ಹೋಗಿ ಅವರ ಹಣೆ ಮುಟ್ಟಿ ನೋಡಿ.