ಮೊರಾಗಳ ಪೆಟ್ರೋಲು

ನಮ್ಮ ಲೂಯಿಸ್ ದ್ವೀಪದ ಚರ್ಚಿನಲ್ಲಿ ವಾದ್ಯವಿಲ್ಲ. ಒಬ್ಬನು ಎದ್ದು ಕೀರ್ತನೆಯ ಸಾಲನ್ನು ಎತ್ತಿಕೊಡುತ್ತಾನೆ. ಅವನ ಉಸಿರು ಮುಗಿಯುವ ಮೊದಲೇ ಇಡೀ ಸಭೆ ಅಲೆಯಂತೆ ಅದನ್ನು ಹಿಡಿಯುತ್ತದೆ. ನಮ್ಮೂರಿನಲ್ಲಿ ಸಾಲು ಎತ್ತಿಕೊಡುವವನು ಟೊರ್ಮೊಡ್. ವಾರದ ಉಳಿದ ದಿನ ಅವನು ಮೆಕ್ಯಾನಿಕ್.

ಮುದುಕಿಯರನ್ನು ಚರ್ಚಿಗೆ ಕರೆತರುವ ಹಳೇ ವ್ಯಾನು ಆ ಬೇಸಿಗೆಯಲ್ಲಿ ದಾರಿ ನಡುವೆ ನಿಲ್ಲತೊಡಗಿತು. ಬಿಸಿಯಾದರೆ ಸಾಯುವುದು, ತಣ್ಣಗಾದರೆ ಏನೂ ಆಗದಂತೆ ಏಳುವುದು. ಟೊರ್ಮೊಡ್ ಬರುವ ಹೊತ್ತಿಗೆ ಯಾವಾಗಲೂ ಓಡುತ್ತಿತ್ತು. ಕಿಡಿ ಹಾರಿಸುವ ಪ್ಲಗ್ ಬದಲಿಸಿದ, ಕಾಯಿಲ್ ಬದಲಿಸಿದ. ಏನೂ ತೋಚದೆ ಒಂದು ಭಾನುವಾರ ಚರ್ಚಿನ ಬಾಗಿಲಲ್ಲೇ ಅಂದುಬಿಟ್ಟ: "ಪೆಟ್ರೋಲಲ್ಲಿ ನೀರಿದೆ. ಮೊರಾಗಳ ಪಂಪಿನ ಟ್ಯಾಂಕು ತೂತಾಗಿರ್ಬೇಕು."

ಊರು ಆ ಸಾಲನ್ನೂ ಹಿಡಿಯಿತು. ವಿಧವೆ ಮೊರಾಗಳ ಪಂಪನ್ನು ದಾಟಿಕೊಂಡು ಎಲ್ಲರೂ ಸ್ಟಾರ್ನೊವೇ ಪೇಟೆಗೇ ಹೋಗಿ ಪೆಟ್ರೋಲು ತುಂಬಿಸಿದರು. ನಾನೂ ಹೋದೆ.

ಒಂದೇ ಮೇಜಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಭಾನುವಾರ ಹತ್ತಿರ ಬಂತು. ಯಾರೊಡನೆಯಾದರೂ ಮನಸ್ಸು ಕೆಟ್ಟಿದ್ದರೆ ಆ ಮೇಜಿಗೆ ಕೂರುವಂತಿಲ್ಲ. ಅದರ ಹಿಂದಿನ ದಿನ ಚಾಲಕ ಆಂಗಸ್ ವ್ಯಾನನ್ನು ತಂದು ಟೊರ್ಮೊಡನ ಅಂಗಳಕ್ಕೆ ತಿರುಗಿಸಿದ್ದೇ ತಡ, ಅದು ಅಲ್ಲೇ ನಿಂತಿತು.

"ನೋಡಪ್ಪಾ, ಪೇಟೆ ಪೆಟ್ರೋಲು ಕುಡಿದೂ ಸತ್ತಿತು," ಅಂದ ಆಂಗಸ್. "ಈಗ ಯಾರ ಟ್ಯಾಂಕು ತೂತು?"

ಟೊರ್ಮೊಡ್ ಬಾನೆಟ್ ಎತ್ತಿದ. ಒಂದು ಪ್ಲಗ್ ಬಿಚ್ಚಿ, ತಂತಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ಒತ್ತಿ ಹಿಡಿದ. "ಕೀ ತಿರುಗಿಸು." ಎಂಜಿನ್ ಕೊಸರಾಡಿತು, ಕಿಡಿ ಮಾತ್ರ ಹಾರಲಿಲ್ಲ. ಕಿಡಿಯೇ ಇಲ್ಲದ ಮೇಲೆ ಪೆಟ್ರೋಲಿನ ಮಾತೆಲ್ಲಿ?

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಆ ಕಿಡಿಯನ್ನು ಆಳುವ ಎಲೆಕ್ಟ್ರಾನಿಕ್ ಡಬ್ಬಿಯೊಂದು ಅಂಟಿಕೊಂಡಿತ್ತು. ಮುಟ್ಟಿದರೆ ಸುಡುತ್ತಿತ್ತು. ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಕಾದ. ಕಿಡಿ ಬಂತು. ಡಬ್ಬಿ ಬಿಚ್ಚಿ ತಿರುಗಿಸಿ ನೋಡಿದ. ಬೆನ್ನು ಕನ್ನಡಿಯಂತೆ ಹೊಳೆಯುತ್ತಿತ್ತು.

ಹೊಸದನ್ನು ಹಾಕಲು ಪೆಟ್ಟಿಗೆ ತೆರೆದ. ಡಬ್ಬಿಯ ಜೊತೆ ಬಿಳಿ ಲೇಪದ ಪುಟ್ಟ ಟ್ಯೂಬ್ ಇತ್ತು. ಅದನ್ನು ಹಿಡಿದವನು ಹಾಗೇ ನಿಂತುಬಿಟ್ಟ.

"ಏನಾಯ್ತೋ?"

"ವಸಂತದಲ್ಲಿ ಇದನ್ನ ಬಿಚ್ಚಿದ್ದೆ. ಹಿಂದೆ ಬಿಳೀ ಏನೋ ಮೆತ್ತಿತ್ತು. ಕೊಳೆ ಅಂತ ಒರೆಸಿಬಿಟ್ಟೆ. ಬಿಸಿಯನ್ನ ಕಬ್ಬಿಣಕ್ಕೆ ಇಳಿಸೋದೇ ಅದು ಕಣೋ. ಅದಿಲ್ಲದೆ ಡಬ್ಬಿ ಬೇಯ್ತಾ ಇತ್ತು."

ಆಂಗಸ್ ಸುತ್ತ ನೋಡಿ ದನಿ ತಗ್ಗಿಸಿದ. "ಹೊಸದು ಹಾಕು, ಓಡುತ್ತೆ. ನಾನಂತೂ ಬಾಯಿಬಿಡಲ್ಲ."

"ಇಷ್ಟು ದಿನ ಮೊರಾಗ್ ಬಾಯಿಬಿಡದೆ ಇದ್ದಿದ್ದೇ ಸಾಕು," ಅಂದ ಟೊರ್ಮೊಡ್.

ಲೇಪ ಹಚ್ಚಿ ಡಬ್ಬಿ ಕೂರಿಸಿ, ವ್ಯಾನನ್ನು ನೇರ ಪಂಪಿಗೆ ಓಡಿಸಿದ. ಮೊರಾಗ್ ಕೈ ಒರೆಸುತ್ತ ಹೊರಬಂದಳು.

"ಏನು ಬೇಕಪ್ಪಾ, ನೀರಾ?"

ಅವನು ತಲೆ ತಗ್ಗಿಸಿಯೇ ಎಲ್ಲ ಹೇಳಿದ. ಅವಳು ಕೊನೆವರೆಗೂ ಕೇಳಿಸಿಕೊಂಡಳು. ಪಂಪಿನ ಮೇಲೆ ಕಡಲಹಕ್ಕಿಗಳು ಕೂತಿದ್ದವು.

"ಚರ್ಚಿನ ಬಾಗಿಲಲ್ಲಿ ಆಡಿದ ಮಾತನ್ನ ಇಲ್ಲಿ ಹಿಂದಕ್ಕೆ ತಗೋತೀಯಾ? ಕೇಳೋರು ಯಾರಿದ್ದಾರೆ ಇಲ್ಲಿ, ಈ ಹಕ್ಕಿಗಳಾ?" ಅಂದು ಒಳಗೆ ಹೋದಳು.

ಮರುದಿನ ಎಲ್ಲರೂ ಚರ್ಚಿನ ಬಾಗಿಲ ಬಳಿ ನಿಂತಿದ್ದಾಗ ಟೊರ್ಮೊಡ್ ಟೋಪಿ ತೆಗೆದ. "ಮೊರಾಗಳ ಪೆಟ್ರೋಲಲ್ಲಿ ನೀರಿರಲಿಲ್ಲ. ವ್ಯಾನನ್ನ ಕೆಡಿಸಿದ್ದು ನಾನು."

ಒಬ್ಬ ಕೆಮ್ಮಿದ. ನಾನು ಬೂಟಿಗೆ ಅಂಟಿದ್ದ ಮಣ್ಣನ್ನು ನೋಡಿದೆ. ಮೊದಲ ಸಾಲನ್ನು ಅಷ್ಟು ಬೇಗ ಹಿಡಿದ ನಮಗೆ ಈ ಸಾಲು ಗಂಟಲಿಗೆ ಬರಲಿಲ್ಲ. ಹೆಂಗಸರ ನಡುವಿನಿಂದ ಮೊರಾಗ್ ಮುಂದೆ ಬಂದಳು.

"ಇವರಿಗೆ ಕೇಳಿಸಲಿಲ್ಲ ಅಂತ ಕಾಣುತ್ತೆ. ಇನ್ನೊಂದ್ಸಲ ಹೇಳು, ಟೊರ್ಮೊಡ್."

ಅವನು ಇನ್ನೊಮ್ಮೆ ಹೇಳಿದ. ಸಭೆಯನ್ನೆಲ್ಲ ತುಂಬುತ್ತಿದ್ದ ಆ ದನಿ ಈ ಸಲ ನಡುಗಿತು. ಅದರ ಹಿಂದೆ, ಬಹಳ ತಡವಾಗಿ, ಆಂಗಸ್ ಅಂದ: "ಹೌದು, ನೀರಿರಲಿಲ್ಲ." ಆಮೇಲೆ ನಾನೂ ಅಂದೆ.