ಆಡದ ಮೂರು ಸರದಿ

ಕ್ಯಾನ್ಸಸ್‌ನ ನಮ್ಮ ಪುಟ್ಟ ಊರಿನ ಬೇಸ್‌ಬಾಲ್ ತಂಡಕ್ಕೆ ನಾನು ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದ ಕಾಲ. ವೆಂಡೆಲ್ ಟಿಬ್ಸ್ ನಮ್ಮ ಒಳ್ಳೆಯ ಬ್ಯಾಟ್ಸ್‌ಮನ್. ಆ ವರ್ಷ ಮೇ ಕೊನೆಯಲ್ಲಿ ವೇಗದ ಚೆಂಡೊಂದು ಅವನ ಕೆನ್ನೆಯ ಮೂಳೆ ಮುರಿಯಿತು. ಆ ಸದ್ದು ಬೆಂಚಿನಲ್ಲಿ ಕೂತಿದ್ದ ನನಗೂ ಕೇಳಿಸಿತು. ಇನ್ನು ಇವನು ಬ್ಯಾಟು ಮುಟ್ಟುವುದಿಲ್ಲ ಅಂದುಕೊಂಡೆವು.

ಒಂದು ತಿಂಗಳಿಗೆ ಮರಳಿ ಬಂದ. ಮೊದಲ ಚೆಂಡಿಗೆ ಅವನು ಕಣ್ಣು ಬಿಗಿಯಾಗಿ ಮುಚ್ಚಿದ್ದನ್ನು ನಾನು ನೋಡಿದೆ. ಹೆಜ್ಜೆ ಮಾತ್ರ ಹಿಂದಿಡಲಿಲ್ಲ. ಎರಡನೆಯದನ್ನು ಗೋಡೆಯಾಚೆಗೆ ಕಳಿಸಿದ. ಅಲ್ಲಿಂದ ಮುಂದೆ ಅವನು ಆಡಿದ್ದನ್ನು ನೋಡುತ್ತ ಎದುರು ತಂಡದವರೂ ಚಪ್ಪಾಳೆ ತಟ್ಟಿಬಿಡುತ್ತಿದ್ದರು.

ಆಟದ ಋತು ಮುಗಿಯುವ ಹೊತ್ತಿಗೆ ಲೀಗಿನ ಬ್ಯಾಟಿಂಗ್ ಕಿರೀಟಕ್ಕೆ ಇಬ್ಬರೇ ಉಳಿದಿದ್ದರು. ಸಾವಿರ ಸರದಿಗೆ ಎಷ್ಟು ಹೊಡೆತ ಫಲಿಸಿತೆಂಬ ಸರಾಸರಿಯಲ್ಲಿ ವೆಂಡೆಲ್ ಮುಂದಿದ್ದ. ಪಕ್ಕದ ಊರಿನ ರೂಡಿ ಎಸ್ಕಮಿಲ್ಲಾ ಬೆನ್ನಿಗೇ ಇದ್ದ. ಆದರೆ ನಾಲ್ಕು ದಿನ ಚೆನ್ನಾಗಿ ಆಡಿ ಮನೆಗೆ ಹೋದವನಿಗೆ ಕಿರೀಟ ಸಿಗಬಾರದಲ್ಲ? ಹಾಗಾಗಿ ನಿಯಮದ ಪ್ರಕಾರ ತಂಡ ಆಡಿದ ಒಂದೊಂದು ಪಂದ್ಯಕ್ಕೂ ಮೂರಕ್ಕಿಂತ ತುಸು ಹೆಚ್ಚಿನಂತೆ ಬ್ಯಾಟಿಂಗ್ ಸರದಿ ಆಗಿರಬೇಕು. ಆಸ್ಪತ್ರೆಯ ಆ ತಿಂಗಳು ವೆಂಡೆಲ್‌ಗೆ ಮುಳುವಾಯಿತು. ಕೊನೆಯ ಪಂದ್ಯಕ್ಕೆ ಬಂದಾಗ ಇನ್ನೂ ಐದು ಸರದಿ ಬೇಕಿತ್ತು. ಹೆಚ್ಚು ಸರದಿ ಸಿಗಲೆಂದು ತಂಡದ ಮ್ಯಾನೇಜರ್ ಅವನನ್ನೇ ಮೊದಲು ಆಡಲು ಕಳಿಸಿದರು.

ಪಂದ್ಯ ರೂಡಿಯ ತಂಡದ ಮೇಲೆಯೇ. ವೆಂಡೆಲ್‌ಗೆ ಎರಡು ಸರದಿ ಸಿಕ್ಕಿದ್ದವು, ಅಷ್ಟರಲ್ಲಿ ಆಕಾಶ ಕಳಚಿಬಿದ್ದಂತೆ ಮಳೆ. ಅಂಪೈರ್ ಕಾದು ಕಾದು ಆಟ ಮುಗಿಯಿತೆಂದರು.

ನಮ್ಮ ಕೋಣೆಯಲ್ಲಿ ವೆಂಡೆಲ್ ಬೂಟಿನ ಕೆಸರು ಕೆರೆಯುತ್ತ ಕೂತಿದ್ದ. ಆಗ ಬಾಗಿಲಲ್ಲಿ ರೂಡಿ ಬಂದು ನಿಂತ, ತಲೆಯಿಂದ ನೀರು ಸೋರುತ್ತಿತ್ತು.

"ಏನೋ, ಮೆರೆಯೋಕೆ ಬಂದ್ಯಾ?" ಎಂದೆ ನಾನು.

"ನೀನು ಸುಮ್ನಿರು ಮಾರಾಯ. ಟಿಬ್ಸ್, ಕಿರೀಟ ನಿಂದೇ ಕಣೋ."

ವೆಂಡೆಲ್ ತಲೆಯೆತ್ತಿದ. "ನಂಗೆ ಮೂರು ಸರದಿ ಕಮ್ಮಿ ಬಿತ್ತಲ್ಲ."

"ಬಿತ್ತು. ಆ ಮೂರರಲ್ಲೂ ನೀನು ಆಡಿ ಔಟಾದೆ ಅಂತ ಬರ್ಕೋತಾರೆ. ನಿಯಮ ಇರೋದೇ ಹಾಗೆ. ಹಾಗೆ ಬರೆದ ಮೇಲೂ ನೀನೇ ಮುಂದಿದ್ರೆ, ನೀನೇ ಗೆದ್ದಂಗೆ. ಒಂದು ವಾರದಿಂದ ನಾನು ಇದೇ ಲೆಕ್ಕ ಹಾಕ್ತಿದೀನಿ, ಹೆದರ್ಕೊಂಡು. ಮೂರು ಸಲ ಔಟಾದ್ರೂ ನಿಂದು 351. ನಂದು 348."

ಮ್ಯಾನೇಜರ್ ಲೀಗಿನ ಕಚೇರಿಗೆ ಫೋನ್ ಮಾಡಿ ಕೇಳಿದರು. ರೂಡಿ ಹೇಳಿದ್ದೇ ನಿಜ.

ವೆಂಡೆಲ್ ನಿಲ್ಲದ ಕಡೆ ಅವನನ್ನು ನಿಲ್ಲಿಸಿ, ಯಾರೂ ಎಸೆಯದ ಚೆಂಡಿಗೆ ಔಟು ಮಾಡಿ, ಆ ಸೋಲುಗಳನ್ನೆಲ್ಲ ತಲೆಗೆ ಕಟ್ಟಿದರೂ ಅವನನ್ನು ಕೆಳಗಿಳಿಸಲು ಆಗಲಿಲ್ಲ. ಎಷ್ಟು ಎತ್ತರಕ್ಕೆ ಆಡಿರಬೇಕು ಈ ಮನುಷ್ಯ! ದಿನವೂ ಪಕ್ಕದಲ್ಲೇ ಕೂತಿದ್ದ ನನಗೆ ಅದು ಅಲ್ಲಿಯವರೆಗೆ ಕಂಡಿರಲಿಲ್ಲ.

ವೆಂಡೆಲ್ ಬೂಟನ್ನು ಕೆಳಗಿಟ್ಟ. "ನೀನು ಹೇಳದೇ ಇದ್ರೂ ನಾಳೆ ಗೊತ್ತಾಗ್ತಿತ್ತು," ಎಂದ.

"ನಾಳೆವರೆಗೆ ನೀನ್ಯಾಕೆ ಸೋತೋನ ಥರ ಕೂತಿರ್ಬೇಕು?"

ವೆಂಡೆಲ್ ಎದ್ದು, ಒಣಗಿದ ಟವೆಲೊಂದನ್ನು ಅವನ ಹೆಗಲಿಗೆ ಹೊದಿಸಿದ. ಮಳೆ ನಿಲ್ಲುವವರೆಗೂ ರೂಡಿ ನಮ್ಮ ಬೆಂಚಿನ ಮೇಲೇ ಕೂತಿದ್ದ.