ಗಾಜಿನ ಕೆಳಗಿನ ಫೋಟೋ

“ಇನ್ನೊಂಚೂರು ಎಡಕ್ಕೆ ತಿರುಗ್ಸಪ್ಪ, ಕತ್ತು ವಾಲ್ತದೆ,” ಎನ್ನುತ್ತ ನೀಲಗಂಗಮ್ಮ ಗಂಡನ ಗಲ್ಲವನ್ನು ಅಂಗೈಯಲ್ಲಿ ಎತ್ತಿ ಹಿಡಿದುಕೊಂಡಳು. ಮಗ ರುದ್ರಮುನಿ ಅಪ್ಪನ ಎದೆಯ ಸುತ್ತ ಬಿಳಿ ಪಂಚೆ ಬಳಸಿ ಕಿಟಕಿಯ ಸರಳಿಗೆ ಗಂಟು ಹಾಕಿದ. ಲಿಂಗಾಯತರ ಮನೆಯ ಸಾವು, ಮಲಗಿಸಿಡುವಂತಿಲ್ಲ. ವೀರಪ್ಪ ಚಕ್ಕಂಬಕ್ಕಳ ಹಾಕಿಕೊಂಡು, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು, ಅಂಗಡಿಯಲ್ಲಿ ಗಿರಾಕಿಗೆ ಕಾಯುವವನ ಹಾಗೆ ಕೂತಿದ್ದ. ಕೆಳಗಿನ ಮನೆಯ ತಮಿಳು ಹೆಂಗಸು ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ಬೆಚ್ಚಿ, “ಅಯ್ಯೋ, ಉಕ್ಕಾಂದಿರುಕ್ಕಾರೇ!” ಎಂದಳು.

“ಹೂಂನಮ್ಮ, ನಮ್ಮಲ್ಲಿ ಕುಂಡ್ರಿಸೋದೇಯ,” ಎಂದು ವೀರಪ್ಪನ ಅಕ್ಕ ಸಾಕಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ತಮ್ಮನ ಹೆಂಡತಿಯ ಬೆನ್ನು ಸವರಿ, “ಅತ್ತು ಬುಡು ನೀಲಾ. ಇಂಗೆ ಕಲ್ಲಾಗಿ ಕುಂತ್ಕಂಡ್ರೆ ಎದೆ ಒಡ್ಕತದೆ,” ಎಂದಳು.

ನೀಲಗಂಗಮ್ಮನಿಗೆ ಅಳು ಬರಲಿಲ್ಲ. ಅವಳ ಕಣ್ಣೆಲ್ಲ ಮೆಟ್ಟಿಲ ಮೇಲಿತ್ತು. ಬೆಳಗಿನಿಂದ ಚೆನ್ನೈಯ ಪುರಸೈವಾಕ್ಕಂನ ಬೀದಿಗೆ ಬೀದಿಯೇ ಬಂದು ಹೋಗಿತ್ತು. ಬಟ್ಟೆ ಅಂಗಡಿಯವರು, ಸ್ಟೀಲು ಪಾತ್ರೆ ಸಗಟಿನವರು, ಹೂವಿನವಳು ಎಲ್ಲರೂ ಬಂದಿದ್ದರು. ಬರಬೇಕಾದವಳು ಮಾತ್ರ ಇನ್ನೂ ಬಂದಿರಲಿಲ್ಲ.

“ಆಯಮ್ಮಂಗೂ ಫೋನ್ ಮಾಡ್ದಾ?” ಎಂದು ಮಗನನ್ನು ಕೇಳಿದಳು.

“ಯಾರು, ಸುಮತಿ ಆಂಟಿಗಾ? ಫಸ್ಟೇ ಮಾಡ್ದೆ. ಅಪ್ಪನ ಫ್ರೆಂಡು ಅಲ್ವಾಮ್ಮ.”

“ಫ್ರೆಂಡಂತೆ ಫ್ರೆಂಡು,” ಎಂದು ನೀಲಗಂಗಮ್ಮ ಗಂಡನ ಹೆಗಲ ಮೇಲಿನ ಹೂವನ್ನು ಸುಮ್ಮನೆ ಎತ್ತಿ ಮತ್ತೆ ಅಲ್ಲೇ ಇಟ್ಟಳು. ಅವಳಿಗೆ ಬೇರೆ ಯಾವ ಹೆದರಿಕೆಯೂ ಇರಲಿಲ್ಲ. ಆ ಹೆಂಗಸು ಬಂದು, ಇಷ್ಟು ಜನರ ಎದುರಿಗೆ, ತನಗಿಂತ ಹೆಚ್ಚು ಅತ್ತುಬಿಟ್ಟರೆ ಏನು ಗತಿ ಎಂಬುದೊಂದೇ. ಈ ಮನುಷ್ಯನ ತಲೆಯೊಳಗೆ ಇಷ್ಟು ವರ್ಷ ಯಾರು ಕೂತಿದ್ದರು, ತಾನೋ ಅವಳೋ? ಅದೊಂದು ಗೊತ್ತಾಗದೆ ಇವನನ್ನು ಮಣ್ಣಿಗೆ ಕಳಿಸುವುದು ಹೇಗೆ?

*

ಸುಮತಿ ಮೊದಲು ಬಂದದ್ದು ಗಿರಾಕಿಯಾಗಿ. ನುಂಗಂಬಾಕ್ಕಂನಲ್ಲಿ ಯಾವುದೋ ಆಫೀಸಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಮೈಸೂರಿನ ಹೆಂಗಸು, ಮದುವೆಯಾಗಿರಲಿಲ್ಲ. ಹೆಗಲಿಗೆ ಸದಾ ಒಂದು ಕ್ಯಾಮೆರಾ. ಹಳೇ ಬಂಗಲೆಗಳ ಸಾಮಾನು ಹರಾಜಾಗುವ ಕಡೆಗೆಲ್ಲ ಹೋಗಿ, ಇದೇನಪ್ಪ ಎಂದು ಯಾರಿಗೂ ತಿಳಿಯದ ಯಂತ್ರಗಳ ಫೋಟೋ ತೆಗೆಯುವುದು ಅವಳ ಹುಚ್ಚು. ಒಂದು ದಿನ ವೀರಪ್ಪನ ಪಾತ್ರೆ ಅಂಗಡಿಗೆ ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಬಂದವಳು, ಚೀಲದಿಂದ ಅಂಥದೊಂದು ಫೋಟೋ ಹೊರತೆಗೆದು ಅವನ ಮುಂದಿಟ್ಟಳು. ಹಿಡಿಕೆ, ಹಲ್ಲಿನ ಚಕ್ರ, ಮುಂದೆ ಮೂರು ಮುಳ್ಳು. ವೀರಪ್ಪ ಕನ್ನಡಕವನ್ನು ಹಣೆಗೇರಿಸಿ ನೋಡಿ, “ಸೇಬಿನ ಸಿಪ್ಪೆ ಹೆರೆಯೋದು,” ಎಂದ. ಅಲ್ಲಿಂದ ಶುರುವಾಯಿತು.

ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಯನ್ನು ಮಗನಿಗೆ ಬಿಟ್ಟು ವೀರಪ್ಪ ಮೇಲಿನ ಮನೆಗೆ ಬರುತ್ತಿದ್ದ. ಸುಮತಿ ಬರುತ್ತಿದ್ದಳು. ಪೆರಂಬೂರಿನಿಂದ ಹರಿದಾಸ ಬರುತ್ತಿದ್ದ. ರೈಲು ಡಬ್ಬಿಯ ಕಾರ್ಖಾನೆಯಲ್ಲಿದ್ದು ರಿಟೈರಾದವನು, ಯಾವ ಫೋಟೋ ತೋರಿಸಿದರೂ ಅದು ಬ್ರೇಕಿನ ಭಾಗ ಎನ್ನುವನು. ಆಟಕ್ಕೆ ಒಂದೇ ಕಟ್ಟಳೆ. ಫೋಟೋ ತಂದವರು, ಬೇರೆಯವರು ಬಿಡಿಸುವವರೆಗೆ ಉತ್ತರ ಹೇಳಕೂಡದು, ಸುಳಿವೂ ಕೊಡಕೂಡದು. ಬಿಡಿಸಲಾಗದ ಫೋಟೋ ಟೀಪಾಯಿಯ ಗಾಜಿನ ಕೆಳಗೆ ಸೇರುತ್ತಿತ್ತು.

ನೀಲಗಂಗಮ್ಮ ಬಜ್ಜಿ ಕರಿದು, ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಒಳಗೆ ಅಂದರೆ ಬಾಗಿಲ ಹಿಂದಕ್ಕೆ. ಅಲ್ಲಿಂದ ಗಂಡನ ನಗು ಕೇಳುತ್ತಿತ್ತು. ಮನೆಯಲ್ಲಿ “ಹೂಂ”, “ಉಪ್ಪು ಕಮ್ಮಿ” ಬಿಟ್ಟು ಮೂರನೆಯ ಮಾತಾಡದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ಹೆಂಗಸೋ, “ವೀರಪ್ಪನವರೇ, ಸೋತ್ರಿ!” ಎಂದು ಹೆಸರು ಹಿಡಿದೇ ಕೂಗುತ್ತಿದ್ದಳು. ಕಟ್ಟಿಕೊಂಡವಳು ಒಂದು ದಿನವೂ ಬಾಯಲ್ಲಿ ಆಡದ ಹೆಸರು ಅದು. ಎಲ್ಲಿಂದಲೋ ಬಂದವಳ ಬಾಯಲ್ಲಿ ಕಡಲೆಪುರಿಯಾಗಿತ್ತು.

ತಪ್ಪು ಕಾಣಿಸುವಂಥದ್ದು ಏನೂ ನಡೆಯಲಿಲ್ಲ. ಅದೇ ನೀಲಗಂಗಮ್ಮನಿಗೆ ಹೆಚ್ಚು ಸಂಕಟ. ನಡೆದಿದ್ದರೆ ಪೊರಕೆ ಹಿಡಿಯಬಹುದಿತ್ತು. ಒಟ್ಟಿಗೆ ಕೂತು ಫೋಟೋ ನೋಡಿ ನಕ್ಕರು ಎಂದು ಯಾರ ಹತ್ತಿರ ದೂರು ಹೇಳುವುದು?

*

ಸುಮತಿ ಹರಿದಾಸನ ಜೊತೆಗೆ ಬಂದಳು. ಹಾರ ತಂದಿದ್ದಳು. ಹಾಕಿದಳು, ಕೈ ಮುಗಿದಳು. ಎಲ್ಲರೂ ನೋಡುತ್ತಿದ್ದಂತೆ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನೆಂಟರ ಹೆಂಗಸರ ಕಣ್ಣು ಅವಳಿಂದ ನೀಲಗಂಗಮ್ಮನಿಗೆ, ನೀಲಗಂಗಮ್ಮನಿಂದ ಅವಳಿಗೆ ಓಡಾಡಿತು.

“ಯಾರವ್ವ ಇದು?” ಎಂದು ಸಾಕಮ್ಮ ಪಿಸುಗುಟ್ಟಿದಳು.

“ಅಂಗಡಿ ಗಿರಾಕಿ,” ಎಂದಳು ನೀಲಗಂಗಮ್ಮ, ಸುಮತಿಗೆ ಕೇಳಲಿ ಎಂದೇ.

ಹರಿದಾಸ ಹೆಣದ ಎದುರು ನಿಂತು, “ಇನ್ನು ಶನಿವಾರ ಎಲ್ಲಿಗಪ್ಪ ಹೋಗೋದು ನಾನು?” ಎಂದು ಮಗುವಿನ ಹಾಗೆ ಕೇಳಿದ. ಸುಮತಿ ಮೂಗೊರೆಸಿಕೊಂಡು ನಡುಮನೆಯ ಸುತ್ತ ಕಣ್ಣಾಡಿಸಿದಳು.

“ರುದ್ರಮುನಿ, ಟೀಪಾಯಿ ಎಲ್ಲಪ್ಪ?”

“ಬಾಲ್ಕನೀಲಿದೆ ಆಂಟಿ. ಜಾಗ ಸಾಕಾಗ್ಲಿಲ್ಲ.”

“ಅದರ ಗಾಜಿನ ಕೆಳಗೆ ಒಂದು ಫೋಟೋ ಇರತ್ತೆ, ಬಿಡಿಸದೆ ಉಳಿದಿರೋ ಕೊನೇದು. ಅದನ್ನ ಒಂಚೂರು ತರಿಸ್ತೀಯಾ?”

ನೀಲಗಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೆಣ ಇನ್ನೂ ಮನೆಯಲ್ಲಿದೆ, ಇವಳಿಗೆ ತನ್ನ ಫೋಟೋ ವಾಪಸು ಬೇಕಂತೆ. ಅದೂ ಆ ಫೋಟೋ.

*

ಆರು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಕೊಳ್ಳೇಗಾಲದಲ್ಲಿ ನೆಂಟರ ಮದುವೆ. ನೀಲಗಂಗಮ್ಮ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಳು, ವೀರಪ್ಪ ಒಬ್ಬನೇ ಹೋಗಿಬಂದ. ಅವಳು ಎದ್ದು ಓಡಾಡುವ ಹೊತ್ತಿಗೆ ಶನಿವಾರದ ಆಟ ಮತ್ತೆ ಕೂಡಿತು. ಅವಳು ಕಾಫಿ ತಂದಾಗ ವೀರಪ್ಪ ಎಂದೂ ಇಲ್ಲದವನು, “ಇವ್ಳೇ, ಇಲ್ಬಾ. ಇದೇನು ಅಂತ ಹೇಳು ನೋಡಣ,” ಎಂದು ಕರೆದ.

ಅವಳು ಬಗ್ಗಿ ನೋಡಿದಳು. ಕಬ್ಬಿಣದ ಕಾಲಿನ ಮೇಲೆ ಆರು ಕೈಗಳ ತೆಳ್ಳನೆಯ ಚಕ್ರ, ಪಕ್ಕದಲ್ಲಿ ಹಲ್ಲಿನ ಬಿಲ್ಲೆ, ಬಿಲ್ಲೆಯ ಮೇಲೆ ಅಂಗೈಯಗಲದ ಗಂಟೆ. ಮುರಿದ ಹಿಡಿಕೆಯ ಜಾಗದಲ್ಲಿ ಒಂದು ಮರದ ಲಟ್ಟಣಿಗೆಯ ತುಂಡು. ಆ ಲಟ್ಟಣಿಗೆ ಅವಳ ಅವ್ವನದು. ಅದನ್ನು ಕೊಯ್ದು ಕೂರಿಸಿದವನು ಅವಳಪ್ಪ.

ಕೊಳ್ಳೇಗಾಲದ ತವರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ನೂಲು ಎಷ್ಟು ಸಣ್ಣ ಬಂದಿದೆ ಎಂದು ನೋಡುವ ರಾಟೆ ಅದು. ಇಂತಿಷ್ಟು ಸುತ್ತು ಆದೊಡನೆ ಗಂಟೆ ಹೊಡೆಯುತ್ತದೆ. ಆ ಸುತ್ತಿದ ನೂಲಿನ ಲಡಿ ಬಿಚ್ಚಿ ತೂಗಿದರೆ ನೂಲಿನ ಹಣೆಬರಹ ಗೊತ್ತಾಗುತ್ತದೆ. ಗಂಟೆ ಕೇಳಬೇಕೆಂದು ಹುಡುಗಿ ನೀಲಾ ಬರಿದೇ ತಿರುಗಿಸಿ ತಿರುಗಿಸಿ ಬೈಸಿಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ, ಚೆನ್ನೈಯ ಸೆಕೆಗೆ ನಿದ್ದೆ ಬಾರದೆ, ಇದನ್ನೆಲ್ಲ ಗಂಡನಿಗೆ ಹೇಳಿದ್ದೂ ಉಂಟು.

ಫೋಟೋ ಸುಮತಿಯ ಮುಂದಿತ್ತು. ಎಲ್ಲ ಫೋಟೋಗಳೂ ಸುಮತಿ ತೆಗೆದವೇ. ಹಾಗಾದರೆ ಕೊಳ್ಳೇಗಾಲಕ್ಕೆ ಇವನು ಒಬ್ಬನೇ ಹೋಗಲಿಲ್ಲ! ತಾನು ಹಳದಿ ಕಣ್ಣು ಬಿಟ್ಟುಕೊಂಡು ಗಂಜಿ ಕುಡಿಯುತ್ತಿದ್ದಾಗ, ತನ್ನ ತವರಿನ ಅಟ್ಟ ಹತ್ತಿ, ತನ್ನ ಅಪ್ಪನ ರಾಟೆಯನ್ನು ಈ ಹೆಂಗಸಿಗೆ ತೋರಿಸಿದ್ದಾನೆ. ತಾನು ಹೇಳಿದ ಮಾತನ್ನೆಲ್ಲ ಅವಳಿಗೆ ಬಡಿಸಿದ್ದಾನೆ. ಈಗ ಇಬ್ಬರೂ ಸೇರಿ ತನ್ನನ್ನೇ ಆಟ ಆಡಿಸುತ್ತಿದ್ದಾರೆ.

“ನಂಗೇನ್ ಗೊತ್ತಾಗ್ತದೆ? ಓದಿದೋರು ನೋಡ್ಲಿ,” ಎಂದು ಒಳಗೆ ಹೋದಳು.

ಹೊರಗೆ ಹರಿದಾಸ ಬ್ರೇಕು ಎಂದ. ಸುಮತಿ ಗಾಳಿಪಟದ ಮಾಂಜಾ ದಾರ ಸುತ್ತುವುದಿರಬೇಕು ಎಂದಳು. ಎಷ್ಟು ಚೆನ್ನಾಗಿ ನಾಟಕ ಆಡುತ್ತಾಳೆ ಎಂದುಕೊಂಡಳು ನೀಲಗಂಗಮ್ಮ. ಫೋಟೋ ಗಾಜಿನ ಕೆಳಗೆ ಸೇರಿತು. ಅಂದಿನಿಂದ ಅವಳು ಪ್ರತಿದಿನ ಗಾಜು ಒರೆಸಿದಳು, ಪ್ರತಿ ಶನಿವಾರ ಸುಮತಿಯ ಬಿಸಿ ಕಾಫಿ ಲೋಟವನ್ನು ಸರಿಯಾಗಿ ಆ ಫೋಟೋದ ಮೇಲೆಯೇ ಕುಕ್ಕಿದಳು. ಬಾಯಿ ಮಾತ್ರ ಬಿಡಲಿಲ್ಲ.

*

ಮೊಮ್ಮಗಳು ಶಿಲ್ಪಶ್ರೀ ಬಾಲ್ಕನಿಯಿಂದ ಫೋಟೋ ತಂದು, “ಇದಾ ಆಂಟಿ?” ಎಂದು ಕೊಡಹೋದಳು. ನೀಲಗಂಗಮ್ಮ ಕೈ ಚಾಚಿ ನಡುವೆಯೇ ಕಿತ್ತುಕೊಂಡಳು.

“ಕೊಡಕಿಲ್ಲ. ಇದು ನಮ್ಮಪ್ಪನ ಮನೇದು. ನೀವು ಯಾವ ಮೊಕ ಇಟ್ಕಂಡು ಕೇಳೀರಿ?”

ಸುಮತಿಯ ಕಣ್ಣರಳಿತು. “ನಿಮ್ಮ ತಂದೆ ಮನೇದಾ? ಅಂದ್ರೆ… ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಕೊಳ್ಳೇಗಾಲಕ್ಕೆ ಹೋಗಿ ತೆಗೆದೋರು ನೀವು.”

“ನಾನಾ?” ಸುಮತಿ ಹರಿದಾಸನ ಕಡೆ ತಿರುಗಿ, ಮತ್ತೆ ಇವಳನ್ನು ನೋಡಿದಳು. “ನಾನು ಕೊಳ್ಳೇಗಾಲ ನೋಡೇ ಇಲ್ಲ ನೀಲಗಂಗಮ್ಮನವರೇ. ಇದನ್ನ ಅವರೇ ತೆಗೆದಿದ್ದು. ಮದುವೆಗೆ ಹೋಗ್ತೀನಿ, ಕ್ಯಾಮೆರಾ ಕೊಡಿ ಅಂತ ಇಸ್ಕೊಂಡು ಹೋದ್ರು. ಒಂದು ರೋಲು ಪೂರ್ತಿ ಹಾಳು. ನೆಟ್ಟಗೆ ಬಂದಿದ್ದು ಇದೊಂದೇ, ಅದರಲ್ಲೂ ಮೂಲೇಲಿ ಬೆರಳು ಬಿದ್ದಿದೆ ನೋಡಿ.”

ನೀಲಗಂಗಮ್ಮ ನೋಡಿದಳು. ಮೂಲೆಯಲ್ಲಿ ಕೆಂಪಗೆ ಮಸುಕಾದದ್ದೊಂದು ಇತ್ತು. ಕಾಫಿ ಚೆಲ್ಲಿದ ಕಲೆ ಎಂದುಕೊಂಡು ಎಷ್ಟೋ ಸಲ ಅದನ್ನು ಉಜ್ಜಿದ್ದಳು. ಅದು ವೀರಪ್ಪನ ಹೆಬ್ಬೆರಳು.

“ಹೌದ್ರೀ,” ಎಂದ ಹರಿದಾಸ. “ಅವನನ್ನ ನಾವು ಕೇಳದ ದಿನ ಇಲ್ಲ. ‘ಬಿಡಿಸೋರು ಮನೇಲೇ ಇದ್ದಾರೆ. ಅವ್ರು ಬಂದು ನಮ್ ಜೊತೇಲಿ ಕೂತು ಹೇಳೋಗಂಟ ನಾನು ಬಾಯಿ ಬಿಡಾಕಿಲ್ಲ’ ಅಂತಿದ್ದ.”

“ನಿಜ ಹೇಳ್ಬೇಕಂದ್ರೆ ನಂಗೆ ನಿಮ್ಮ ಮೇಲೆ ಹೊಟ್ಟೆ ಉರೀತಿತ್ತು,” ಎಂದಳು ಸುಮತಿ. “ಒಂದು ಸಲ ಕೂರಲ್ವಲ್ಲ, ಎಷ್ಟು ಗರ್ವ ಅಂತ. ನೀವು ಕಾಫಿ ಇಟ್ಟು ಒಳಗೆ ಹೋಗೋವರೆಗೂ ಅವರು ನಿಮ್ಮ ಮುಖಾನೇ ನೋಡೋರು. ಈವತ್ತು ಹೇಳ್ತಾರಾ ಅಂತ. ಆಮೇಲೇ ನಾವು ತಂದ ಫೋಟೋ ಕೈಗೆ ತಗೊಳ್ಳೋರು.”

ನೀಲಗಂಗಮ್ಮ ಗಂಡನ ಕಡೆಗೆ ತಿರುಗಿದಳು. ಎದೆಯೊಳಗೆ ಮೊದಲು ಎದ್ದದ್ದು ದುಃಖವಲ್ಲ, ಸಿಟ್ಟು. ಇಂಥ ಹಠವೇ? ಒಂದು ಮಾತು ಹೇಳಬಾರದಿತ್ತೇ? ಆಟವಂತೆ, ಕಟ್ಟಳೆಯಂತೆ! “ಬಾಯಿ ಇರ್ನಿಲ್ವ ನಿಮ್ಗೆ?” ಎಂದು ಕೂಗಿದಳು. “ಆರು ವರ್ಷ ಕಣ್ರೀ! ಇನ್ನೊಂದ್ ಸಲ ಕರೆಯಕ್ಕೆ ಏನಾಗಿತ್ತು?” ಕೂಗು ಅಲ್ಲಿಗೆ ಒಡೆಯಿತು. ಆಮೇಲೆ ಬಂದ ಅಳುವಿಗೆ ಸಾಕಮ್ಮ ಓಡಿಬಂದು ಹಿಡಿದುಕೊಳ್ಳಬೇಕಾಯಿತು. ಕೆಳಗಿನ ಮನೆಯ ತಮಿಳು ಹೆಂಗಸೂ ಅತ್ತಳು. ಅವನು ಕರೆದಾಗ ತಾನು ಕೂರಲಿಲ್ಲ, ಗೊತ್ತಿದ್ದೂ ಗೊತ್ತಿಲ್ಲ ಎಂದೆ ಎಂಬುದನ್ನು ಯಾರಿಗೆ ಹೇಳಿಕೊಳ್ಳುವುದು? ಕೇಳಬೇಕಾದವನು ಸರಳಿಗೆ ಕಟ್ಟಿಸಿಕೊಂಡು ಕೂತಿದ್ದ.

ಕೆಳಗೆ ವ್ಯಾನು ಬಂದು ನಿಂತಿತು. ಹೂವಿನ ಕುರ್ಚಿಯನ್ನು ಮೆಟ್ಟಿಲಲ್ಲಿ ಓರೆಮಾಡಿಕೊಂಡು ಮೇಲೆ ತಂದರು. ಅವರ ಮನೆಯ ಹೆಂಗಸರು ರುದ್ರಭೂಮಿಗೆ ಹೋಗುವ ಪದ್ಧತಿ ಇರಲಿಲ್ಲ. ಏನಿದ್ದರೂ ಇಲ್ಲೇ ಮುಗಿಯಬೇಕು. ಮಠದ ಅಯ್ಯನವರು ವಿಭೂತಿ ಗಟ್ಟಿ ಮುಂದೆ ಮಾಡಿ, “ಬಾ ತಾಯಿ, ಕೊನೇದಾಗಿ ಹಚ್ಚು. ಕಿವೀಲಿ ಶಿವನಾಮ ಹೇಳು,” ಎಂದರು.

ನೀಲಗಂಗಮ್ಮ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಆಮೇಲೆ ಗಂಡನ ಪಕ್ಕದಲ್ಲಿ, ಅವನ ಹಾಗೆಯೇ ಕಾಲು ಮಡಿಸಿ, ಭುಜಕ್ಕೆ ಭುಜ ತಾಗಿಸಿ ಕೂತಳು. ಫೋಟೋವನ್ನು ಅವನ ಮಂಡಿಯ ಮೇಲಿಟ್ಟಳು. ಕುರ್ಚಿ ಹಿಡಿದವರು ಕಾಯುತ್ತ ನಿಂತರು. ಹರಿದಾಸ ಕನ್ನಡಕ ಸರಿಮಾಡಿಕೊಂಡ. ಸುಮತಿ ತಡೆಯಲಾರದೆ ಒಂದು ಹೆಜ್ಜೆ ಮುಂದೆ ಬಂದಳು.

“ನೀಲಗಂಗಮ್ಮನವರೇ, ಏನದು? ನಮಗೂ ಕೇಳೋ ಹಾಗೆ ಹೇಳಿ.”

ನೀಲಗಂಗಮ್ಮ ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದಳು. ಸೆರಗನ್ನು ಎಳೆದು, ತನ್ನ ಬಾಯಿಗೂ ಗಂಡನ ಕಿವಿಗೂ ಸೇರಿಸಿ ಮರೆ ಮಾಡಿಕೊಂಡು, ಹೇಳಿದಳು.